ಮಾರಿಕಣಿವೆ ತುಂಬಿದೆ, ಇನ್ನು ಲೆಕ್ಕ ಹೇಳಿ

ಮಾರಿಕಣಿವೆ ಡ್ಯಾಂ ಎಂದೂ ಕರೆಯುವ ವಾಣಿವಿಲಾಸ ಸಾಗರದ ನೀರನ್ನು ಯಾವಾಗ, ಎಷ್ಟು, ಯಾರಿಗೆ ಬಿಡಬೇಕು ಎಂದು ತೀರ್ಮಾನಿಸುವ ನೀರಾವರಿ ಸಲಹಾ ಸಮಿತಿಯವರಿಗೆ, ಜಲಸಂಪನ್ಮೂಲ ಇಲಾಖೆಯ ಅಧಿಕಾರಿಗಳಿಗೆ, ಚಿತ್ರದುರ್ಗ ಜಿಲ್ಲೆಯ ಜನಪ್ರತಿನಿಧಿಗಳಿಗೆ,

ಮಾನ್ಯರೇ,

ಡ್ಯಾಂ ಕೋಡಿ ಬಿದ್ದಿದೆ. ಬಾಗಿನ ಆಯಿತು, ಹಾರ ಆಯಿತು, ಭಾಷಣಗಳೂ ಆದವು. ಕಣಿವೆ ಮಾರಮ್ಮನ ಗುಡಿಯ ಮುಂದೆ ಜನ ಇನ್ನೂ ಕಡಿಮೆಯಾಗಿಲ್ಲ. ಗುಡ್ಡ ಹತ್ತಿ ನಿಂತು, ಹಿನ್ನೀರು ಭಾರತದ ಭೂಪಟದ ಹಾಗೆ ಕಾಣುತ್ತದೆಂದು ಫೋಟೋ ಹೊಡೆಯುವವರ ಸಾಲೂ ಕರಗಿಲ್ಲ. ಖುಷಿ ಪಡಬೇಕಾದದ್ದೇ, ಬೇಡ ಅನ್ನುವುದಿಲ್ಲ. ಈ ಪತ್ರ ಬರೆಯುತ್ತಿರುವುದು ಬೇರೆ ವಿಷಯಕ್ಕೆ. ಈ ನೀರನ್ನು ಮುಂದಿನ ಬರದವರೆಗೆ ಹೇಗೆ ಬಳಸುತ್ತೀರಿ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಜನರ ಮುಂದೆ ಇಡಿ. ನಾಲೆಯ ತೂಬು ಎತ್ತುವ ಮೊದಲೇ ಇಡಿ. ನಾನು ಕೇಳುತ್ತಿರುವುದು ಇಷ್ಟೇ.

ಯಾಕೆ ಇಷ್ಟು ಅವಸರ ಅಂತ ಕೇಳಬಹುದು. 1907ರಲ್ಲಿ ಕಟ್ಟಿ ಮುಗಿಸಿದ ಈ ಅಣೆಕಟ್ಟೆ ಮೊದಲ ಸಲ ಕೋಡಿ ಬಿದ್ದದ್ದು 1933ರಲ್ಲಿ. ಎರಡನೇ ಸಲ 2022ರ ಸೆಪ್ಟೆಂಬರ್‌ನಲ್ಲಿ. ನಡುವೆ 89 ವರ್ಷ. ಮೂರನೇ ಸಲ 2025ರ ಜನವರಿಯಲ್ಲಿ, ಅಂದರೆ ಎರಡೂವರೆ ವರ್ಷವೂ ತುಂಬುವ ಮೊದಲೇ. ಇದನ್ನು ನೋಡಿದವರು ಏನಂದುಕೊಳ್ಳುತ್ತಾರೆ ಹೇಳಿ? ‘ಇನ್ನು ಮೇಲೆ ಡ್ಯಾಂ ತುಂಬುವುದೇ ವಾಡಿಕೆ’ ಅಂದುಕೊಳ್ಳುತ್ತಾರೆ. ಹಿರಿಯೂರಿನ ಹೋಟೆಲಿನಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಈಗ ಕೇಳುವ ಮಾತು ಇದೇ. ನನಗೆ ಭಯ ಹುಟ್ಟಿಸುವುದೂ ಇದೇ ಮಾತು.

130 ಅಡಿಗೆ ತುಂಬುವ ಈ ಡ್ಯಾಂನಲ್ಲಿ 2000ನೇ ಇಸವಿಯಲ್ಲೂ ನೀರು 122 ಅಡಿ ಮುಟ್ಟಿತ್ತು. ಆಗಲೂ ಹೀಗೇ ಅಂದುಕೊಂಡಿದ್ದರು. ಆಮೇಲೆ ಏನಾಯಿತು? ಇಳಿಯುತ್ತಾ ಇಳಿಯುತ್ತಾ 2017ರ ಹೊತ್ತಿಗೆ 60 ಅಡಿಯ ಆಸುಪಾಸಿಗೆ ಬಂತು. ಅದು ಡೆಡ್ ಸ್ಟೋರೇಜ್ ಮಟ್ಟ, ತಳದ ಕೆಸರು ನೀರು. ಅಚ್ಚುಕಟ್ಟಿನಲ್ಲಿ, ಅಂದರೆ ಡ್ಯಾಂ ನಾಲೆಯ ನೀರು ಹರಿಯುವ ಜಮೀನಿನಲ್ಲಿ, ತೆಂಗಿನ ಸುಳಿ ಒಣಗಿ ಬಿದ್ದವು. ತಲೆ ಇಲ್ಲದ ಮರಗಳು ಸಾಲಾಗಿ ನಿಂತ ತೋಟಗಳನ್ನು ನೀವೂ ನೋಡಿದ್ದೀರಿ, ಹೆದ್ದಾರಿಯಲ್ಲಿ ಹೋಗುವಾಗಲೇ ಕಾಣುತ್ತಿತ್ತು. ನಲವತ್ತು ವರ್ಷ ಸಾಕಿದ ಮರವನ್ನು ಇಟ್ಟಿಗೆ ಗೂಡಿನವರಿಗೆ ಮಾರುವುದು ಎಂದರೇನು ಅಂತ ಆ ತೋಟದವರನ್ನೇ ಕೇಳಬೇಕು. ಬೋರ್ ಕೊರೆಸಿದವರು ಸಾಲಕ್ಕೆ ಬಿದ್ದರು. ಆಳಕ್ಕೆ ಹೋದಷ್ಟೂ ಫ್ಲೋರೈಡ್ ನೀರು ಸಿಕ್ಕ ಊರುಗಳೂ ಇವೆ.

ಈಗ ತುಂಬಿರುವುದಕ್ಕೆ ಕಾರಣ ಎರಡು. ಒಂದು ಮಳೆ. ಬಾಬಾಬುಡನ್‌ಗಿರಿಯ ಕಡೆಯಿಂದ ಇಳಿಯುವ ವೇದಾ ಮತ್ತು ಆವತಿ ಕಡೂರಿನ ಹತ್ತಿರ ಸೇರಿ ವೇದಾವತಿ ಆಗುತ್ತವೆ. ಅಯ್ಯನಕೆರೆ, ಮದಗದ ಕೆರೆ, ಆಮೇಲೆ ದಾರಿಯುದ್ದದ ನೂರಾರು ಸಣ್ಣ ಕೆರೆಗಳು ತುಂಬಿದ ಮೇಲೇ ನಮ್ಮ ಕಡೆಗೆ ನೀರು. ಆದ್ದರಿಂದಲೇ ಸಾಧಾರಣ ಮಳೆಯ ವರ್ಷ ಡ್ಯಾಂಗೆ ಏನೂ ಬರುವುದಿಲ್ಲ. ಜೋರು ಮಳೆಯ ವರ್ಷ ಮಾತ್ರ ಒಮ್ಮೆಲೇ ನುಗ್ಗಿ ಬರುತ್ತದೆ.

ಎರಡನೇ ಕಾರಣ ಭದ್ರಾ ಮೇಲ್ದಂಡೆ, ಅಂದರೆ ನದಿ ನೀರನ್ನು ಎತ್ತಿ ಬಯಲುಸೀಮೆಗೆ ತರುವ ಯೋಜನೆ. ಅಜ್ಜಂಪುರದ ಸುರಂಗದಿಂದ 2019ರಿಂದ ಈಚೆಗೆ ಭದ್ರೆಯ ನೀರು ಬರುತ್ತಿದೆ. ಪಾತಾಳಕ್ಕಿಳಿದಿದ್ದ ಮಟ್ಟವನ್ನು ಅದು ಮೇಲಕ್ಕೆತ್ತಿ ಇಟ್ಟಿತ್ತು. ಅದಕ್ಕೇ ದೊಡ್ಡ ಮಳೆ ಬಂದಾಗ ಡ್ಯಾಂ ತುಂಬಿತು. 60 ಅಡಿಯಲ್ಲಿ ಇದ್ದಿದ್ದರೆ ಅದೇ ಮಳೆಗೆ ಕೋಡಿ ಬೀಳುತ್ತಿತ್ತು ಅಂತ ನಾನು ನಂಬುವುದಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಯಾಕಂದ್ರೆ ಎಲ್ಲರೂ ಜಾರಿಕೊಳ್ಳುವ ಜಾಗ ಇದು. ಭದ್ರಾ ಮೇಲ್ದಂಡೆ ಯೋಜನೆಯ ಒಟ್ಟು ನೀರು 29.9 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ಅದರಲ್ಲಿ ವಾಣಿವಿಲಾಸ ಸಾಗರಕ್ಕೆ ಕಾಗದದ ಮೇಲೆ ಇರುವ ಪಾಲು 2 ಟಿಎಂಸಿ ಮಾತ್ರ. ಉಳಿದದ್ದು ಚಿಕ್ಕಮಗಳೂರು, ಚಿತ್ರದುರ್ಗ, ದಾವಣಗೆರೆ, ತುಮಕೂರು ಜಿಲ್ಲೆಗಳ 2.25 ಲಕ್ಷ ಹೆಕ್ಟೇರ್ ಹನಿ ನೀರಾವರಿಗೆ ಮತ್ತು 367 ಕೆರೆಗಳಿಗೆ. ಆ ಕಡೆಯ ನಾಲೆಗಳು ಇನ್ನೂ ಪೂರ್ತಿ ಆಗಿಲ್ಲ. ಹಾಗಾಗಿ ಎತ್ತಿದ ನೀರಿಗೆ ಸದ್ಯಕ್ಕೆ ನಮ್ಮ ಡ್ಯಾಂ ದಾರಿ ಆಗಿದೆ. ನಾಳೆ ಆ ನಾಲೆಗಳು ಮುಗಿಯುತ್ತವೆ. ಮುಗಿಯಲೇಬೇಕು, ಜಗಳೂರಿನವರೂ ಪಾವಗಡದವರೂ ನಮಗಿಂತ ಜಾಸ್ತಿ ಬರ ಕಂಡವರು. 2023ರ ಕೇಂದ್ರ ಬಜೆಟ್ಟಿನಲ್ಲಿ ಈ ಯೋಜನೆಗೆ 5,300 ಕೋಟಿ ರೂಪಾಯಿ ಘೋಷಿಸಿದ್ದರು, ಆ ಹಣದ ಬಗ್ಗೆ ಎರಡು ಸರ್ಕಾರಗಳ ಜಗಳ ಬೇರೆ ಕಥೆ, ಬಿಡಿ. ಕೆಲಸ ಮುಗಿದ ದಿನ ಈಗ ಬರುತ್ತಿರುವ ಹೆಚ್ಚುವರಿ ನೀರು ಬೇರೆ ಕಡೆ ತಿರುಗುತ್ತದೆ. ಆಮೇಲೆ ನಮಗೆ ಉಳಿಯುವುದು ಕಾಗದದಲ್ಲಿ ಇರುವಷ್ಟೇ. 2 ಸಾಲದು, 5 ಟಿಎಂಸಿ ಬೇಕು ಎಂದು ರೈತರು ವರ್ಷಗಟ್ಟಲೆ ಕೂತು ಕೇಳಿದ್ದಾರೆ. ಡ್ಯಾಂ ತುಂಬಿದ ಸಂಭ್ರಮದಲ್ಲಿ ಆ ಬೇಡಿಕೆಯ ಸದ್ದೇ ಇಲ್ಲ. ತುಂಬಿದಾಗ ಕೇಳಲು ಸಂಕೋಚ, ಬತ್ತಿದಾಗ ಕೇಳಿದರೆ ಕೊಡಲು ಭದ್ರೆಯಲ್ಲೇ ನೀರಿರುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಡ್ಯಾಂ ತುಂಬಿದಾಗ 130 ಅಡಿ, ಸುಮಾರು 30 ಟಿಎಂಸಿ. ಕೇಳಲಿಕ್ಕೆ ಸಮುದ್ರವೇ. ಅಚ್ಚುಕಟ್ಟು 12,135 ಹೆಕ್ಟೇರ್, ಅಂದರೆ ಸುಮಾರು 30 ಸಾವಿರ ಎಕರೆ. ಒಂದು ಟಿಎಂಸಿ ನೀರನ್ನು ಒಂದಡಿ ಎತ್ತರಕ್ಕೆ ಹರಡಿದರೆ 23 ಸಾವಿರ ಎಕರೆಯೂ ತುಂಬುವುದಿಲ್ಲ. ನಮ್ಮ ಅಚ್ಚುಕಟ್ಟಿಗೆ ಹರಡಿದರೆ ಒಂಬತ್ತು ಇಂಚು. ಅದೂ ನಾಲೆಯಲ್ಲಿ ಒಂದು ಹನಿಯೂ ಸೋರದಿದ್ದರೆ. ನಮ್ಮ ನಾಲೆಗಳ ಸ್ಥಿತಿ ನಿಮಗೆ ಗೊತ್ತು. ಡ್ಯಾಂ ಹತ್ತಿರದ ತೋಟದಲ್ಲಿ ನೀರು ಹೆಚ್ಚಾಗಿ ಹಳ್ಳಕ್ಕೆ ಹರಿಯುವಾಗ ಕೊನೆಯಂಚಿನಲ್ಲಿ ನಾವು ರಾತ್ರಿ ಟಾರ್ಚ್ ಹಿಡಿದು ಕಾಯುತ್ತಿರುತ್ತೇವೆ. ಹೂಳು ತೆಗೆದು ಜಾಲಿ ಕಡಿದರೆ ಅರ್ಧ ಸಮಸ್ಯೆ ಹೋಗುತ್ತದೆ. ಇದನ್ನು ಎಷ್ಟೋ ಸಲ ಹೇಳಿ ಆಗಿದೆ, ಮತ್ತೆ ಬೆಳೆಸುವುದಿಲ್ಲ.

ಪತ್ರಿಕೆಯವರು ದಿನಾ ‘ಇಂದಿನ ಮಟ್ಟ ಇಷ್ಟು ಅಡಿ’ ಅಂತ ಹಾಕುತ್ತಾರೆ. ಅಡಿ ನೋಡಿ ಹಿಗ್ಗುವುದೂ ಕುಗ್ಗುವುದೂ ನಮಗೆ ಅಭ್ಯಾಸವಾಗಿದೆ. ಆದರೆ ಎಲ್ಲ ಅಡಿಗಳೂ ಒಂದೇ ಅಲ್ಲ. ಮೇಲಿನ ಒಂದಡಿಯಲ್ಲಿ ಇರುವ ನೀರು ಕೆಳಗಿನ ಒಂದಡಿಯಲ್ಲಿ ಇರುವುದಿಲ್ಲ. ಮೇಲೆ ಹಿನ್ನೀರು ಮೈಲಿಗಟ್ಟಲೆ ಹರಡಿರುತ್ತದೆ, ಕೆಳಗೆ ಕಣಿವೆ ಕಿರಿದಾಗುತ್ತಾ ಹೋಗುತ್ತದೆ. ಹಾಗಾಗಿ ಮೊದಲು ನಿಧಾನಕ್ಕೆ ಇಳಿದ ಹಾಗೆ ಕಾಣುವ ನೀರು 90 ಅಡಿಯ ಕೆಳಗೆ ಬಂದಾಗ ಸರಸರ ಇಳಿಯುತ್ತದೆ. ‘ಹೋದ ವರ್ಷ ಇಷ್ಟೇ ಬಿಟ್ಟಾಗ ಇಷ್ಟು ಇಳಿದಿರಲಿಲ್ಲವಲ್ಲ’ ಅಂತ ಸಭೆಯಲ್ಲಿ ಆಶ್ಚರ್ಯ ಪಡುವುದು ಆಗಲೇ. ದಯವಿಟ್ಟು ಅಡಿಯ ಜೊತೆ ಟಿಎಂಸಿಯನ್ನೂ ಹೇಳಿ. ಒಳಹರಿವು ಎಷ್ಟು, ಹೊರಕ್ಕೆ ಹೋದದ್ದು ಎಷ್ಟು, ಕುಡಿಯಲು ಎಷ್ಟು, ಆವಿ ಎಷ್ಟು, ಎಲ್ಲ ಹೇಳಿ.

ಆವಿಯದ್ದು ಸಣ್ಣ ವಿಷಯ ಅಲ್ಲ. ನಮ್ಮ ಬಯಲುಸೀಮೆಯ ಬಿಸಿಲು, ಗಾಳಿ ಎರಡೂ ಸೇರಿದರೆ ತೂಬು ಮುಚ್ಚಿಯೇ ಇದ್ದರೂ ವರ್ಷಕ್ಕೆ ನಾಲ್ಕೈದು ಅಡಿ ನೀರು ಸುಮ್ನೆ ಮೇಲೆ ಹೋಗುತ್ತದೆ. ಡ್ಯಾಂ ತುಂಬಿದಷ್ಟೂ ಹರವು ಜಾಸ್ತಿ, ಹರವು ಜಾಸ್ತಿ ಆದಷ್ಟೂ ನಷ್ಟ ಜಾಸ್ತಿ. ಹಾಗಾಗಿ ನಾನು ‘ಬಿಡಬೇಡಿ, ಕೂಡಿಡಿ’ ಅನ್ನುವವರ ಕಡೆಯೂ ಅಲ್ಲ. ತುಂಬಿದ ಡ್ಯಾಂ ನೋಡಿಕೊಂಡು ಕೂತರೆ ಬಿಸಿಲಿಗೆ ಕೊಟ್ಟ ಹಾಗೆ. ಸಿಕ್ಕವರಿಗೆಲ್ಲ ಬಿಟ್ಟರೆ 2017 ಮತ್ತೆ ಬರುತ್ತದೆ.

ಹಾಗಾದರೆ ಏನು ಮಾಡಬೇಕು? ನನ್ನ ಯೋಚನೆ ಹೀಗಿದೆ. 120 ಅಡಿಯಿಂದ ಮೇಲಿನ ನೀರನ್ನು ನೆಲದೊಳಗೆ ಕಳಿಸಿ. ಅಂದರೆ ಕೆರೆಗಳಿಗೆ, ವೇದಾವತಿಯ ಬ್ಯಾರೇಜುಗಳಿಗೆ ಬಿಡಿ. ಜವನಗೊಂಡನಹಳ್ಳಿ ಹೋಬಳಿಯವರು ಕೆರೆಗಳಿಗೆ ನೀರು ಕೊಡಿ ಎಂದು ಬೀದಿಗೆ ಇಳಿದಿದ್ದರು. ಧರ್ಮಪುರದ ಕೆರೆಯ ಬೇಡಿಕೆಗೆ ನಮ್ಮಲ್ಲಿ ಅನೇಕರ ವಯಸ್ಸಿಗಿಂತ ಜಾಸ್ತಿ ವಯಸ್ಸಾಗಿದೆ. ಕೆಲವು ಕಡೆ ಪಂಪ್ ಹಾಕಿ ಎತ್ತಬೇಕು, ಕರೆಂಟ್ ಬಿಲ್ ಬರುತ್ತದೆ, ಒಪ್ಪುತ್ತೇನೆ. ಆದರೆ ಕೆರೆ ತುಂಬಿದರೆ ಸುತ್ತಲ ಬೋರ್‌ಗಳಿಗೆ ಜೀವ ಬರುತ್ತದೆ. ನೆಲದೊಳಗೆ ಇಳಿದ ನೀರನ್ನು ಬಿಸಿಲು ಕುಡಿಯಲಾರದು.

120ರಿಂದ 90ರವರೆಗಿನದು ಅಚ್ಚುಕಟ್ಟಿನದು, ಸರದಿ ಪ್ರಕಾರ, ದಿನಾಂಕ ಮೊದಲೇ ಹೇಳಿ. 90ರ ಕೆಳಗೆ ಇಳಿದರೆ ನಿಂತ ಮರ ಉಳಿಸಲು ಮಾತ್ರ, ವರ್ಷಕ್ಕೆ ಒಂದೆರಡು ಸಲ. 75ರ ಕೆಳಗೆ ಯಾರು ಬಂದು ಕೇಳಿದರೂ ಕುಡಿಯುವ ನೀರು ಬಿಟ್ಟು ಬೇರೆ ಏನೂ ಇಲ್ಲ. ಚಿತ್ರದುರ್ಗ, ಹಿರಿಯೂರು, ಚಳ್ಳಕೆರೆ ಮತ್ತು ದಾರಿಯ ಊರುಗಳು ಈ ನೀರು ಕುಡಿಯುತ್ತವೆ. ಕುದಾಪುರದ ವಿಜ್ಞಾನ ಸಂಸ್ಥೆಗಳಿಗೂ ಇಲ್ಲಿಂದಲೇ ಹೋಗುತ್ತದೆ. ದುರ್ಗದವರಿಗೆ ಶಾಂತಿಸಾಗರದ ನೀರಾದರೂ ಇದೆ. ಹಿರಿಯೂರಿಗೆ ಡ್ಯಾಂ ಬಿಟ್ಟರೆ ಉಳಿಯುವುದು ಬೋರ್ ನೀರು, ಟ್ಯಾಂಕರ್ ನೀರು.

ಈ 120, 90, 75 ನನ್ನ ಅಂದಾಜು. ಬದಲಿಸಿ, ತೊಂದರೆ ಇಲ್ಲ. ನಿಮ್ಮ ಹತ್ತಿರ ನೂರು ವರ್ಷದ ಮಟ್ಟದ ಪುಸ್ತಕ ಇದೆ, ಎಂಜಿನಿಯರ್‌ಗಳಿದ್ದಾರೆ, ಸರಿಯಾದ ಅಂಕಿ ನೀವೇ ತೆಗೆಯಿರಿ. ಆದರೆ ಅಂಕಿ ಮೊದಲು ಬರಬೇಕು, ಜಗಳ ಆಮೇಲೆ. ಈಗ ಆಗುತ್ತಿರುವುದು ಉಲ್ಟಾ. ಯಾರ ಟ್ರ್ಯಾಕ್ಟರ್‌ಗಳು ಕಚೇರಿ ಮುಂದೆ ಜಾಸ್ತಿ ನಿಂತವೋ ಅವರ ಕಡೆಗೆ ನೀರು. ಚಳ್ಳಕೆರೆ ಕಡೆಗೆ ನದಿಗೆ ಬಿಡುತ್ತಾರೆ ಎಂದಾಗ ಹಿರಿಯೂರಿನಲ್ಲಿ ಧರಣಿ, ಬಿಡುವುದಿಲ್ಲ ಎಂದಾಗ ಅಲ್ಲಿ ಧರಣಿ. ಒಂದೇ ಜಿಲ್ಲೆಯ ರೈತರು ಒಬ್ಬರನ್ನೊಬ್ಬರು ಕಳ್ಳರ ಹಾಗೆ ನೋಡುವ ಹಾಗಾಗಿದೆ. ಹಿಂದೆ ನಮ್ಮ ಕಡೆ ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಾಳಿನ ಗುಂಡಿಯಲ್ಲಿ, ರಾಗಿ ತುಂಬಿಡುತ್ತಿದ್ದರು. ಹಗೇವಿನ ಬಾಯಿ ತೆಗೆಯುವ ಮೊದಲೇ ಮನೆಯ ಯಜಮಾನ ಬೀಜಕ್ಕೆಷ್ಟು, ಊಟಕ್ಕೆಷ್ಟು, ಆಳುಕಾಳಿಗೆಷ್ಟು ಅಂತ ಹೇಳಿಬಿಡುತ್ತಿದ್ದ. ಬಾಯಿ ತೆಗೆದ ಮೇಲೆ ಚೌಕಾಸಿ ಇರಲಿಲ್ಲ.

ಹೊಸದುರ್ಗದ ಹಿನ್ನೀರಿನ ಊರುಗಳ ಮಾತನ್ನು ಹಿರಿಯೂರಿನ ಕಡೆಯವರು ಆಡುವುದೇ ಇಲ್ಲ. ನಾನು ಆಡುತ್ತೇನೆ. ಈ ಅಣೆಕಟ್ಟೆಗೆ ಗೇಟುಗಳಿಲ್ಲ. ಎರಡು ಗುಡ್ಡಗಳ ನಡುವೆ ಕಲ್ಲಿನ ಗೋಡೆ, ಪಕ್ಕದಲ್ಲಿ ಕೋಡಿ, ಅಷ್ಟೇ. 130 ಅಡಿ ದಾಟಿದ ನೀರನ್ನು ಹಿಡಿಯುವುದಕ್ಕೂ ಆಗುವುದಿಲ್ಲ, ಬೇಗ ಖಾಲಿ ಮಾಡುವುದಕ್ಕೂ ಆಗುವುದಿಲ್ಲ. 2022ರಲ್ಲಿ ಮೇಲೆ ಹೊಸದುರ್ಗ ತಾಲ್ಲೂಕಿನ ತೋಟ, ಮನೆ, ರಸ್ತೆಗಳಿಗೆ ನೀರು ನುಗ್ಗಿತು. ಕೆಳಗೆ ಹಿರಿಯೂರಿನ ತಗ್ಗು ಬಡಾವಣೆಗಳಿಗೂ ನುಗ್ಗಿತು. 89 ವರ್ಷ ನೀರು ಮುಟ್ಟದ ಜಾಗದಲ್ಲಿ ಎರಡು ಮೂರು ತಲೆಮಾರು ಉತ್ತಿವೆ, ಮನೆ ಕಟ್ಟಿವೆ. ‘ಅದು ಮುಳುಗಡೆ ಜಾಗ, ನಿಮ್ಮದೇ ತಪ್ಪು’ ಅನ್ನುವುದು ಸುಲಭ. ಸಾಲ ಕೊಡುವಾಗ, ಕರೆಂಟ್ ಕೊಡುವಾಗ, ಕಂದಾಯ ಕಟ್ಟಿಸಿಕೊಳ್ಳುವಾಗ ಯಾರೂ ಹಾಗೆ ಅನ್ನಲಿಲ್ಲವಲ್ಲ.

ಕೋಡಿಯನ್ನೇ ತಗ್ಗಿಸಿ ಎಂದು ಆ ಕಡೆಯವರು ಕೇಳಿದರು. ತಗ್ಗಿಸಿದರೆ ರಕ್ತ ಹರಿಯುತ್ತದೆ ಎಂಬ ಧಾಟಿಯಲ್ಲಿ ಈ ಕಡೆಯವರು ಉತ್ತರ ಕೊಟ್ಟರು. ಕೋಡಿ ಒಡೆಯುವುದು ನನಗೂ ಒಪ್ಪಿಗೆ ಇಲ್ಲ. ಅಲ್ಲಿ ಒಂದಡಿ ತಗ್ಗಿಸಿದರೆ ಹೋಗುವುದು ಅತಿ ದೊಡ್ಡ ಅಡಿಯ ನೀರು. ಆದರೆ ಅವರ ಕಷ್ಟಕ್ಕೆ ಬೇರೆ ದಾರಿ ಇದೆ, ಮೇಲೆ ಹೇಳಿದ ಲೆಕ್ಕದಲ್ಲೇ ಇದೆ. ಜನವರಿಯಲ್ಲಿ ಡ್ಯಾಂ ತುಂಬಿದ್ದರೆ ಮುಂಗಾರಿನೊಳಗೆ ಮೇಲಿನ ಹತ್ತಡಿ ನೀರು ಕೆರೆಗಳಿಗೆ ಹೋಗಿರಬೇಕು. ಆಗ ಆಗಸ್ಟಿನ, ಸೆಪ್ಟೆಂಬರಿನ ದೊಡ್ಡ ಮಳೆಗೆ ಡ್ಯಾಂನಲ್ಲಿ ಜಾಗ ಇರುತ್ತದೆ. ಹಿನ್ನೀರಿನ ಊರೂ ಬಚಾವು, ಹಿರಿಯೂರಿನ ತಗ್ಗೂ ಬಚಾವು. ಕೋಡಿಯ ಮೇಲೆ ಹರಿದು ಆಂಧ್ರದ ಭೈರವಾನಿತಿಪ್ಪ ಜಲಾಶಯದ ಕಡೆಗೆ ಹೋಗುವ ನೀರಿನಲ್ಲೂ ಒಂದಿಷ್ಟು ನಮ್ಮ ಕೆರೆಗಳಲ್ಲಿ ನಿಲ್ಲುತ್ತದೆ. ಇಷ್ಟಾದರೂ ಮುಳುಗುವ ಮನೆಗಳಿರುತ್ತವೆ. ಅವುಗಳ ಸರ್ವೆ ಈ ಬೇಸಿಗೆಯಲ್ಲೇ ಮುಗಿಸಿ, ಪರಿಹಾರವೋ ಬೇರೆ ಜಾಗವೋ ಮಳೆಗಾಲದ ಮೊದಲೇ ಹೇಳಿ. ಮಂಡಿಯುದ್ದ ನೀರಿನಲ್ಲಿ ನಿಂತವರ ಹತ್ತಿರ ಪಹಣಿ ಕೇಳಬೇಡಿ.

ಇನ್ನೊಂದು ವಿಷಯ, ಇದು ನಮ್ಮ ರೈತರ ಕಡೆಯದು. ಕೋಡಿ ಬಿದ್ದ ಸುದ್ದಿ ಬಂದ ವಾರದಿಂದ ಅಡಿಕೆ ಸಸಿಗೆ ಬೇಡಿಕೆ ಏರುತ್ತದೆ. ಶೇಂಗಾ, ರಾಗಿ, ಈರುಳ್ಳಿ ಬೆಳೆಯುತ್ತಿದ್ದ ಹೊಲದಲ್ಲೂ ಗುಂಡಿ ತೋಡುತ್ತಾರೆ. ರೇಟು ನೋಡಿದರೆ ತಪ್ಪು ಅನ್ನಲಾಗದು. ಆದರೆ ಇವತ್ತು ನೆಟ್ಟ ಅಡಿಕೆ ಫಸಲಿಗೆ ಬರಲು ಐದಾರು ವರ್ಷ ಬೇಕು. ಆ ಹೊತ್ತಿಗೆ ಡ್ಯಾಂ ಎಷ್ಟು ಅಡಿ ಇರುತ್ತದೆ? ವಾರ್ಷಿಕ ಬೆಳೆಯವನು ಬರ ಬಂದ ವರ್ಷ ಬಿತ್ತದೆ ಸುಮ್ಮನಿರಬಹುದು. ತೋಟದವನಿಗೆ ಆ ಅನುಕೂಲ ಇಲ್ಲ, ಒಂದು ಬೇಸಿಗೆ ತಪ್ಪಿದರೂ ಮರ ಹೋಯಿತು. ಅಂದರೆ ಡ್ಯಾಂ ತುಂಬಿದಾಗ ನೆಟ್ಟ ಪ್ರತಿ ಸಸಿಯೂ ಡ್ಯಾಂ ಬತ್ತಿದಾಗ ನೀರು ಕೇಳುತ್ತದೆ. ನೆಡಬೇಡಿ ಎಂದು ಕಾನೂನು ಮಾಡಿ ಅಂತ ನಾನು ಕೇಳುವುದಿಲ್ಲ, ಮಾಡಿದರೂ ಯಾರೂ ಕೇಳುವುದಿಲ್ಲ. ಎಷ್ಟು ಅಡಿ ಇದ್ದಾಗ ತೋಟಕ್ಕೆ ಎಷ್ಟು ನೀರು ಎಂಬುದು ಬರೆದು ಅಂಟಿಸಿದ್ದರೆ ಮಾತ್ರ ಗುಂಡಿ ತೋಡುವವನು ತಾನೇ ಯೋಚನೆ ಮಾಡುತ್ತಾನೆ. ಹನಿ ನೀರಾವರಿ ಸಹಾಯಧನವನ್ನು ಅಚ್ಚುಕಟ್ಟಿನ ತೋಟಗಳಿಗೆ ಮೊದಲು ಕೊಡಿ. ಈಗ ನಾಲೆಯಲ್ಲಿ ನೀರಿದ್ದಾಗ ಹರಿಸಿ ಕಟ್ಟುವವರೇ ಜಾಸ್ತಿ, ಡ್ರಿಪ್ಪು ಬೋರಿನವರಿಗೆ ಮಾತ್ರ ಎಂಬ ಹಾಗಾಗಿದೆ.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಘೋಷಿಸಿತ್ತು. ಅದು ಎರಡನೇ ಕೋಡಿಯ ಮರುವರ್ಷ. ಆ ವರ್ಷ ನಮ್ಮ ಅಚ್ಚುಕಟ್ಟು ಬದುಕಿದ್ದು 2022ರಲ್ಲಿ ತುಂಬಿದ್ದ ನೀರಿನಿಂದ. ತುಂಬಿದ ಡ್ಯಾಂ ಒಂದು ಬರವನ್ನು ದಾಟಿಸುತ್ತದೆ ಎಂದು ಕಣ್ಣಾರೆ ನೋಡಿದ್ದೇವೆ. ಸಾಲಾಗಿ ಮೂರು ಬರ ಬಂದರೆ ದಾಟಿಸುತ್ತದೆಯೇ ಎಂಬುದು ನೀವು ಈ ವರ್ಷ ಮಾಡುವ ತೀರ್ಮಾನದ ಮೇಲಿದೆ.

ಹಾಗಾಗಿ ಕೇಳುವುದು ಇಷ್ಟು. ನಾಲೆಗೆ ನೀರು ಬಿಡುವ ಮುಂಚಿನ ಸಭೆಯನ್ನು ಬೆಂಗಳೂರಿನಲ್ಲಿ ಮಾಡಬೇಡಿ, ಹಿರಿಯೂರಿನಲ್ಲಿ ಮಾಡಿ, ಬಾಗಿಲು ತೆಗೆದಿಟ್ಟು ಮಾಡಿ. ಹೊಸದುರ್ಗದ ಹಿನ್ನೀರಿನವರನ್ನೂ, ಚಳ್ಳಕೆರೆಯವರನ್ನೂ, ಕೆರೆ ಕೇಳುತ್ತಿರುವ ಹೋಬಳಿಯವರನ್ನೂ ಅದೇ ಸಭೆಗೆ ಕರೆಯಿರಿ. ಅವರಿಗೆ ಬೇರೆ ದಿನ, ನಮಗೆ ಬೇರೆ ದಿನ ಬೇಡ. ಎಷ್ಟು ಅಡಿಗೆ ಏನು ಎಂಬ ಪಟ್ಟಿಯನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಸಿ ಗ್ರಾಮ ಪಂಚಾಯಿತಿಗಳಲ್ಲಿ ಹಾಕಿ, ಹಾಲಿನ ಡೇರಿಗಳಲ್ಲೂ ಹಾಕಿ. ಪಂಚಾಯಿತಿ ಬೋರ್ಡ್ ನೋಡದವರೂ ಬೆಳಿಗ್ಗೆ ಡೇರಿಗೆ ಬರುತ್ತಾರೆ. ಭದ್ರಾ ಮೇಲ್ದಂಡೆಯಲ್ಲಿ ನಮ್ಮ ಪಾಲು 2 ಟಿಎಂಸಿಯೋ 5 ಟಿಎಂಸಿಯೋ ಎಂಬುದಕ್ಕೆ ಶಾಸಕರು ಸದನದಲ್ಲಿ ಪ್ರಶ್ನೆ ಕೇಳಿ, ಬಂದ ಉತ್ತರವನ್ನು ಅದೇ ಪಟ್ಟಿಯ ಕೆಳಗೆ ಅಚ್ಚು ಹಾಕಿಸಲಿ. ಪಟ್ಟಿಗೆ ಆಕ್ಷೇಪ ಇದ್ದವರು ಯಾರಿಗೆ, ಎಷ್ಟು ದಿನದೊಳಗೆ ಬರೆಯಬೇಕು ಎಂಬುದನ್ನೂ ಸೇರಿಸಿ. ಮೊದಲ ಆಕ್ಷೇಪ ಬಹುಶಃ ನನ್ನದೇ ಇರುತ್ತದೆ.

ಇಂತಿ,
ವಾಣಿವಿಲಾಸ ಸಾಗರ ಅಚ್ಚುಕಟ್ಟಿನ ಕೊನೆಯಂಚಿನ ಒಬ್ಬ ರೈತ